ಹುರಿಗೊಂಡ ಬಳೆ

ಎರಡೆಳೆಯ ಹಗ್ಗವೊಂದರ ಹುರಿಯನ್ನು ಹೆಚ್ಚಿಸಿಯೋ ಕುಗ್ಗಿಸಿಯೋ ಅದರ ತುದಿಗಳನ್ನು ಬಳೆಯಂತೆ ಕೂಡಿಸಿರಿ. ಅದು ಚಪ್ಪಟೆಯಾಗಿ ನಿಲ್ಲದೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುವುದು. ಬ್ಯಾಕ್ಟೀರಿಯಗಳಲ್ಲಿರುವ ಪ್ಲಾಸ್ಮಿಡ್ಡು ಸಾಮಾನ್ಯವಾಗಿ ಇಂತಹುದೇ ಒಂದು ಬಳೆ. ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿ ವೃದ್ಧಿಹೊಂದುವ ಈ ಡಿ.ಎನ್.ಎ.ಗೆ ೧೯೫೨ರಲ್ಲಿ ಜೋಶುವಾ ಲೆಡರ್‌ಬರ್ಗ್ ಆ ಹೆಸರನ್ನಿತ್ತರು.

ಎಳೆಗಳೆರಡೂ ಅಖಂಡವಾಗಿದ್ದರೆ ಪ್ಲಾಸ್ಮಿಡ್ಡು ಸುರುಳಿಗೊಂಡು ಅಡಕವಾಗಿರುತ್ತದೆ. ಒಂದೆಳೆ ತುಂಡಾದರೆ ಬಿಗುಪು ಕಳೆದು ಸಡಿಲ ಬಳೆಯಾಗುತ್ತದೆ. ಎರಡೂ ಒಂದೇ ಎಡೆಯಲ್ಲಿ ತುಂಡಾದರೆ ನೀಳವಾದ ದಾರವಾಗುತ್ತದೆ. ವಿದ್ಯುತ್ತಿನ ಸೆಳೆತದಿಂದ ಇವನ್ನು ಅಗರೋಸ್ ಜೆಲ್ಲಿನ ಮೂಲಕ ಹಾಯಿಸಿದರೆ ಸಾಮಾನ್ಯವಾಗಿ ಸುರುಳಿ ಮುಂದೆ, ದಾರ ನಡುವೆ, ಸಡಿಲ ಬಳೆ ಹಿಂದೆ.

ಪ್ಲಾಸ್ಮಿಡ್ಡು ಇಮ್ಮಡಿಯಾಗಬೇಕಾದರೆ ಎಳೆಗಳು ಬೇರ್ಪಟ್ಟು, ಪ್ರತಿಯೊಂದೂ ಹೊಸ ಎಳೆಗೆ ಅಚ್ಚಾಗಬೇಕು. ಪ್ರಯೋಗಶಾಲೆಗಳಲ್ಲಿ ಸುಪರಿಚಿತವಾದ ಪಿಬಿಆರ್ ೩೨೨ ಎಂಬ ಪ್ಲಾಸ್ಮಿಡ್ಡಿನಲ್ಲಿ ೪೩೬೧ ಪ್ರತ್ಯಾಮ್ಲ ಜೋಡಿಗಳಿವೆ. ಅಂದರೆ ಸುಮಾರು ೪೦೦ ಸುತ್ತುಗಳು. ತುದಿಯೇ ಇಲ್ಲದ ಬಳೆಯಲ್ಲಿ ಇವನ್ನು ಬಿಚ್ಚುವುದೆಂತು? ಒಂದೆಡೆ ಬಿಚ್ಚಿದಷ್ಟೂ ಮುಂದಿನ ಭಾಗ ಬಿಗಿಯುವುದು. ೧೯೭೬ರಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಕಂಡುಹಿಡಿದ ಗೈರೇಸ್ ಎಂಬ ಕಿಣ್ವವು ಎರಡೆಳೆಗಳನ್ನೂ ಕತ್ತರಿಸಿ, ಆ ತೆರಪಿನಲ್ಲಿ ಬಳೆಯ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ.

ಸಿಪ್ರೊಫ್ಲಾಕ್ಸಸಿನ್ ಔಷಧವು ಈ ಬೆಸುಗೆಯನ್ನೇ ತಡೆದು ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಆದರೆ ಈ ಬಗೆಯ ಔಷಧಗಳನ್ನು ತಾಳುವ ಶಕ್ತಿಯನ್ನು ಬ್ಯಾಕ್ಟೀರಿಯದಿಂದ ಬ್ಯಾಕ್ಟೀರಿಯಕ್ಕೆ ಒಯ್ಯುವ ಪ್ಲಾಸ್ಮಿಡ್ಡೊಂದು ೧೯೯೮ರಲ್ಲಿ ವರದಿಯಾಯಿತು. ಅದರ ಜೀನೊಂದು ನಿರ್ಮಿಸುವ ಪ್ರೋಟೀನು ಗೈರೇಸಿಗೆ ಕಾವಲು! ಈ ರಕ್ಷಣೆ ಅಲ್ಪವಾದರೂ ಪ್ರಬಲತರ ನಿರೋಧಕ್ಕೆ ಅದು ದಾರಿಮಾಡಿಕೊಡುತ್ತದೆ. ವೈದ್ಯರ ಸಲಹೆಯಿಲ್ಲದೆ ನುಂಗುವ ಗುಳಿಗೆ ಇಂತಹ ಬಳೆ ತೊಟ್ಟ ಬ್ಯಾಕ್ಟೀರಿಯಗಳನ್ನೇ ಉಳಿಸಿ ಬೆಳೆಸೀತು.