ಹೊಸ ಷೇರಿನ ಬೆಲೆಯೂ ಸಾಹಸ ಬಂಡವಾಳವೂ

ಒಂದು ಕಂಪನಿಯು ಮೊಟ್ಟಮೊದಲ ಬಾರಿಗೆ ತನ್ನ ಷೇರುಗಳನ್ನು ಜನರಿಗೆ ಮಾರಲು ಹೊರಟಿದೆ, ಇಂಥ ತಾರೀಖಿನೊಳಗೆ ಅರ್ಜಿ ಹಾಕಿರಿ ಎಂಬ ದೊಡ್ಡ ಜಾಹೀರಾತುಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಇದಕ್ಕೆ ಪೇಟೆಯವರು ಐಪಿಓ ಎನ್ನುತ್ತಾರೆ. ಈಗ ಮೊಬೈಲಿನಲ್ಲಿಯೇ ಅರ್ಜಿ ಹಾಕಬಹುದಾದ್ದರಿಂದ ಜತ್ತ ತಾಲೂಕಿನ ಮನೆಗಳಿಂದಲೂ ಅದಕ್ಕೆ ದುಡ್ಡು ಹೋಗುತ್ತಿದೆ. "ದೊಡ್ಡ ದೊಡ್ಡವರ ರೊಕ್ಕ ಅದರಾಗ ಐತ್ರಿ ಸರ, ಏನೂ ಆಗಂಗಿಲ್ಲ" ಎಂದು ಪಾಲಕರು ಹೇಳುವುದುಂಟು. ಆ ದೊಡ್ಡವರು ಯಾರು, ಅವರ ಹಣದಿಂದ ಷೇರಿನ ಬೆಲೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದನ್ನು ನೋಡೋಣ.

ಹೊಸ ಕಂಪನಿಗೆ ಅಡವಿಡಲು ಹೊಲವಿಲ್ಲ, ಕಟ್ಟಡವಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ. ಆಗ ಕೆಲವರು ಸಾಲದ ಬದಲು ಪಾಲು ಪಡೆದು ಹಣ ಹಾಕುತ್ತಾರೆ. ಕಂಪನಿ ಮುಳುಗಿದರೆ ಅವರ ಹಣವೂ ಮುಳುಗಿತು. ಇದೇ ಸಾಹಸ ಬಂಡವಾಳ. ಅಮೇರಿಕೆಯಲ್ಲಿ 1946ರಲ್ಲಿ ಜಾರ್ಜ್ ಡೋರಿಯೋ ಮೊದಲಾದವರು ಇಂಥದೊಂದು ಸಂಸ್ಥೆಯನ್ನು ಕಟ್ಟಿದರು. ಅದು 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ 70 ಸಾವಿರ ಡಾಲರು ತೊಡಗಿಸಿತು. ಆ ಕಂಪನಿ 1966ರಲ್ಲಿ ಷೇರುಪೇಟೆಗೆ ಬಂದಾಗ ಈ ಪಾಲಿನ ಬೆಲೆ ಕೋಟಿಗಟ್ಟಲೆ ಡಾಲರಾಗಿತ್ತು. ಹತ್ತು ಕಡೆ ಕಳೆದುಕೊಂಡದ್ದನ್ನು ಒಂದು ಕಡೆ ಗಳಿಸುವ ವ್ಯವಹಾರವಿದು.

ಇನ್ನು ಬೆಲೆಯ ವಿಷಯ. ನಮ್ಮ ಯಲ್ಲಮ್ಮನ ಜಾತ್ರೆಯ ದನದ ಪೇಟೆಯನ್ನೇ ನೆನೆಯಿರಿ. ಎತ್ತು ನೊಗಕ್ಕೆ ಕಟ್ಟಿದೊಡನೆ ಮಲಗುವಂಥದೋ ಅಲ್ಲವೋ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಸಂಶಯಕ್ಕಾಗಿಯೇ ಕೊಳ್ಳುವವನು ಬೆಲೆ ಇಳಿಸಿ ಕೇಳುತ್ತಾನೆ. ಅಷ್ಟರಲ್ಲಿ ಹೆಸರುವಾಸಿಯಾದ ದಲಾಲನೊಬ್ಬ, "ಈ ಎತ್ತನ್ನು ನಾನು ಬಲ್ಲೆ" ಎಂದರೆ ಸಂಶಯ ಕಡಿಮೆಯಾಗಿ ಬೆಲೆ ಏರುತ್ತದೆ. ಮುಂದಿನ ವರ್ಷವೂ ಅದೇ ಜಾತ್ರೆಗೆ ಬರಬೇಕಾದವನು ಅವನು. ಆದ್ದರಿಂದಲೇ ಅವನ ಮಾತಿಗೆ ತೂಕ.

ಷೇರುಪೇಟೆಯಲ್ಲಿಯೂ ಹೀಗೆಯೇ. ಕೊಳ್ಳುವವರ ಸಂಶಯಕ್ಕೆ ಪರಿಹಾರವಾಗಿ ಹೊಸ ಷೇರಿನ ಬೆಲೆಯನ್ನು ತುಸು ಕಡಿಮೆ ಇಡುವ ರೂಢಿಯಿದೆ. ಹೀಗಾಗಿ ಮೊದಲ ದಿನವೇ ಷೇರು ಏರುವುದು ಸಾಮಾನ್ಯ. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಮಾರಿತು. ಸಾಹಸ ಬಂಡವಾಳದವರ ಬೆಂಬಲ ಅದಕ್ಕಿರಲಿಲ್ಲ. ಆ ಬೆಲೆಗೂ ಸಾಕಷ್ಟು ಅರ್ಜಿಗಳು ಬರಲಿಲ್ಲ. ಆದರೆ ಪೇಟೆಯಲ್ಲಿ ವಹಿವಾಟು ಶುರುವಾದಾಗ ಷೇರಿನ ಬೆಲೆ 145 ರೂಪಾಯಿ! ಒಂದೇ ಉದಾಹರಣೆಯಿಂದ ನಿಯಮ ಹೊರಡದು, ನಿಜ. ಮೆಗ್ಗಿನ್ಸನ್ ಮತ್ತು ವೈಸ್ ಎಂಬ ವಿದ್ವಾಂಸರು 1983ರಿಂದ 1987ರವರೆಗೆ ಅಮೇರಿಕೆಯಲ್ಲಿ ಪೇಟೆಗೆ ಬಂದ ಕಂಪನಿಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ನೋಡಿದರು. ಸಾಹಸ ಬಂಡವಾಳವಿದ್ದ ಷೇರುಗಳು ಮೊದಲ ದಿನ ಸರಾಸರಿ ಶೇಕಡಾ 7ರಷ್ಟು, ಇಲ್ಲದವು ಶೇಕಡಾ 12ರಷ್ಟು ಏರಿದ್ದವು. ದಲಾಲನ ಮಾತು ಕೆಲಸ ಮಾಡಿತ್ತೆಂದು ಇದರರ್ಥ.

ಆದರೆ ಎಲ್ಲ ದಲಾಲರೂ ಒಂದೇ ಅಲ್ಲ. ಗೋಂಪರ್ಸ್ ಎಂಬುವರು 1996ರಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಹೊಸದಾಗಿ ಈ ಉದ್ಯೋಗಕ್ಕಿಳಿದ ಬಂಡವಾಳಗಾರರಿಗೆ ಹೆಸರು ಬೇಕು. ಹೆಸರಿದ್ದರೆ ತಾನೇ ಇತರರು ತಮ್ಮ ಹಣವನ್ನು ಅವರ ಕೈಗೆ ಕೊಡುವುದು? ಅದಕ್ಕಾಗಿ ಅವರು ಕಂಪನಿ ಬಲಿಯುವ ಮೊದಲೇ ಅವಸರದಿಂದ ಪೇಟೆಗೆ ತರುತ್ತಾರೆ, ಬೆಲೆಯನ್ನೂ ಹೆಚ್ಚು ಇಳಿಸಿಬಿಡುತ್ತಾರೆ. ಹೀಚುಕಾಯಿ ಕಿತ್ತು ಸಂತೆಗೆ ಒಯ್ದಂತೆ. ಮುಂದೆ 1980ರಿಂದ 2000ದವರೆಗಿನ ದೀರ್ಘ ಕಾಲದ ಲೆಕ್ಕ ಹಾಕಿದಾಗ, ಸಾಹಸ ಬಂಡವಾಳವಿದ್ದ ಷೇರುಗಳೇ ಮೊದಲ ದಿನ ಹೆಚ್ಚು ಏರಿದ್ದೂ ಕಂಡುಬಂತು.

ನೆಟ್‌ಸ್ಕೇಪ್ ಕಂಪನಿಯ ಕಥೆ ಕೇಳಿರಿ. ಅದು 1994ರ ಏಪ್ರಿಲ್‌ನಲ್ಲಿ ಹುಟ್ಟಿತು. ಕ್ಲೈನರ್ ಪರ್ಕಿನ್ಸ್ ಎಂಬ ಹೆಸರಾಂತ ಸಂಸ್ಥೆ 50 ಲಕ್ಷ ಡಾಲರು ಹಾಕಿತು. ಇನ್ನೂ ಲಾಭದ ಮುಖ ಕಾಣದೆ 1995ರ ಆಗಸ್ಟ್ 9ರಂದು ಪೇಟೆಗೆ ಬಂತು. ಮೊದಲು 14 ಡಾಲರಿಗೆ ಮಾರುವುದೆಂದಿದ್ದರು, ಕೊನೆಗೆ 28 ಮಾಡಿದರು. ಅಂದು ಸಂಜೆ ಬೆಲೆ 58.25 ಡಾಲರು. ಮಾರಿದ ಷೇರುಗಳು ಸುಮಾರು 50 ಲಕ್ಷ. ಗುಣಿಸಿ ನೋಡಿರಿ: ಕಂಪನಿಯ ಬೊಕ್ಕಸಕ್ಕೆ ಬರಬಹುದಾಗಿದ್ದ ಸುಮಾರು 15 ಕೋಟಿ ಡಾಲರು ಅಂದು ಷೇರು ಸಿಕ್ಕಿದ ಅದೃಷ್ಟವಂತರ ಪಾಲಾಯಿತು. ಬಂಡವಾಳಗಾರರು ಇದನ್ನು ಹೇಗೆ ಸಹಿಸುತ್ತಾರೆ? ಅಲ್ಲಿ ಅವರು ಸಾಮಾನ್ಯವಾಗಿ 180 ದಿನಗಳವರೆಗೆ ತಮ್ಮ ಷೇರನ್ನು ಮಾರುವಂತಿಲ್ಲ. ಮೊದಲ ದಿನದ ಗದ್ದಲ ಅವರಿಗೆ ಪುಕ್ಕಟೆ ಜಾಹೀರಾತು; ಲಾಭ ಆಮೇಲಿನದು.

ಆದರೆ ಅವರೇ ಮೊದಲ ದಿನ ಮಾರುವವರಾದರೆ? ಆಗ ಲೆಕ್ಕ ತಿರುಗುತ್ತದೆ, ಏಕೆಂದರೆ ಬೆಲೆ ಹೆಚ್ಚಿದಷ್ಟೂ ಅವರಿಗೆ ಲಾಭ. ನಮ್ಮ ದೇಶದಲ್ಲಿ 2021ರ ನವೆಂಬರ್‌ನಲ್ಲಿ ಪೇಟಿಎಂ ಕಂಪನಿ ಷೇರಿಗೆ 2,150 ರೂಪಾಯಿಯಂತೆ 18,300 ಕೋಟಿ ರೂಪಾಯಿ ಎತ್ತಿತು. ಹಿಂದೆ ಪ್ರಪಂಚದ ದೊಡ್ಡ ದೊಡ್ಡ ಹೆಸರುಗಳಿದ್ದವು. ಆ ಹಣದಲ್ಲಿ ಕಂಪನಿಗೆ ಹೋದದ್ದು 8,300 ಕೋಟಿ. ಉಳಿದ 10,000 ಕೋಟಿ, ತಮ್ಮ ಷೇರು ಮಾರಿದ ಹಳೆಯ ಪಾಲುದಾರರಿಗೆ. ಮೊದಲ ದಿನವೇ ಷೇರು ಶೇಕಡಾ 27ರಷ್ಟು ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ದಲಾಲನೇ ತನ್ನ ಎತ್ತು ಮಾರುತ್ತಿದ್ದಾಗ ಅವನ ಸಾಕ್ಷಿಗೆ ಎಷ್ಟು ಬೆಲೆ ಕೊಡಬೇಕೆಂಬುದು ವಿಚಾರಿಸತಕ್ಕ ಮಾತು.

ಇದನ್ನು ತಿಳಿಯಲು ಷೇರುಪೇಟೆಯ ಪಂಡಿತರೇ ಆಗಬೇಕಿಲ್ಲ. ಕಂಪನಿ ಕೊಡುವ ಪ್ರಾಸ್ಪೆಕ್ಟಸ್ ಎಂಬ ವಿವರಣ ಪತ್ರದ ಮೊದಲ ಪುಟಗಳಲ್ಲಿಯೇ, ಹೊಸ ಷೇರೆಷ್ಟು, ಹಳಬರು ಮಾರುವ ಷೇರೆಷ್ಟು, ಅವರಿಗೆ ಅದು ಸರಾಸರಿ ಎಷ್ಟು ರೂಪಾಯಿಗೆ ಬಿದ್ದಿತ್ತು ಎಂದು ಅಚ್ಚಾಗಿರುತ್ತದೆ. ಇಂಗ್ಲಿಷಿನಲ್ಲಿರುತ್ತದೆಂದು ಪಾಲಕರು ಹಿಂಜರಿಯಬೇಕಿಲ್ಲ. ಹತ್ತನೆಯ ವರ್ಗದ ಮಕ್ಕಳು ಓದಿ ಹೇಳಬಲ್ಲರು.