ಇಬ್ಬರೇ, ಒಂದು ಹಾಯಿದೋಣಿ, ಎಂಟು ತಿಂಗಳು

ಮಹಾದಾಯಿ ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ಕಳಸಾ-ಬಂಡೂರಿ ಹೋರಾಟ. ಖಾನಾಪುರ ತಾಲ್ಲೂಕಿನ ಕಾಡಲ್ಲಿ ಹುಟ್ಟೋ ಈ ನದಿಗೆ ಗೋವಾದಲ್ಲಿ ಮಾಂಡೋವಿ ಅಂತ ಹೆಸರು. 2024ರ ಅಕ್ಟೋಬರ್ 2ರಂದು ಇದೇ ನದಿಯ ದಡದ ನೌಕಾನೆಲೆಯಿಂದ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ಭೂಮಿ ಸುತ್ತೋಕೆ ಹೊರಟರು. ಇಬ್ಬರೇ. ದೋಣಿಯ ಹೆಸರು 'ತಾರಿಣಿ', ಉದ್ದ 56 ಅಡಿ, ಕಟ್ಟಿದ್ದು ಗೋವಾದಲ್ಲೇ. ನಾಲ್ಕು ಬಂದರುಗಳಲ್ಲಿ ನಿಂತು, 25,000ಕ್ಕೂ ಹೆಚ್ಚು ನಾಟಿಕಲ್ ಮೈಲಿ ದಾಟಿ, 2025ರ ಮೇ 29ಕ್ಕೆ ವಾಪಸ್ ಬಂದರು. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿ.ಮೀ., ಲೆಕ್ಕ ನೀವೇ ಹಾಕಿಕೊಳ್ಳಿ.

ನಾನು ಕರ್ಜಗಿಯವನು. ವರದಾ ಹೊಳೆ ಬಿಟ್ರೆ ನಮಗೆ ಬೇರೆ ನೀರು ಗೊತ್ತಿಲ್ಲ. ಹಾಗಾಗಿ ನನ್ನ ಮೊದಲ ಪ್ರಶ್ನೆ ಬಹಳ ಸಾದಾ: ಗಾಳಿ ಎದುರಿಂದ ಬಂದ್ರೆ ದೋಣಿ ಹಿಂದಕ್ಕೆ ಹೋಗಲ್ವಾ?

ಹೋಗಲ್ಲ. ಹಾಯಿ ಅನ್ನೋದು ಗಾಳಿ ತುಂಬೋ ಚೀಲ ಅಲ್ಲ, ನೆಟ್ಟಗೆ ನಿಲ್ಲಿಸಿದ ವಿಮಾನದ ರೆಕ್ಕೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದ್ತೀವಲ್ಲ, ಅದೇ ಲಿಫ್ಟ್ ಇಲ್ಲಿ ಮೇಲಕ್ಕೆ ಬದಲು ಪಕ್ಕಕ್ಕೆ ಮತ್ತು ಸ್ವಲ್ಪ ಮುಂದಕ್ಕೆ ಎಳೆಯುತ್ತೆ. ಪಕ್ಕಕ್ಕೆ ಜಾರೋದನ್ನ ನೀರೊಳಗಿನ ಕೀಲ್ ತಡೆಯುತ್ತೆ. ಉಳಿಯೋದು ಮುಂದಕ್ಕೆ ಹೋಗೋ ಬಲ ಮಾತ್ರ. ಆದ್ರೂ ನೇರವಾಗಿ ಗಾಳಿಗೆ ಎದುರು ಹೋಗೋಕಾಗಲ್ಲ. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ಹತ್ತಿದ ಹಾಗೆ ಹೋಗಬೇಕು. ಕೀಲ್‌ಗೆ ಇನ್ನೊಂದು ಕೆಲಸ ಇದೆ: ಅದು ತುಂಬಾ ಭಾರ. ದೋಣಿ ವಾಲಿದಷ್ಟೂ ಆ ಭಾರ ಅದನ್ನ ಮತ್ತೆ ನೆಟ್ಟಗೆ ಮಾಡೋಕೆ ನೋಡುತ್ತೆ.

ಇವರು ಪೂರ್ವಕ್ಕೇ ಹೋಗಿದ್ದಕ್ಕೂ ಕಾರಣ ಗಾಳಿ. 40 ಡಿಗ್ರಿ ದಕ್ಷಿಣ ದಾಟಿದ ಮೇಲೆ ಪಶ್ಚಿಮದಿಂದ ಬೀಸೋ ಗಾಳಿಯನ್ನ ತಡೆಯೋಕೆ ಹೆಚ್ಚು ನೆಲನೇ ಇಲ್ಲ. ಅಲೆಗಳೂ ಹಾಗೇ ಬೆಳೀತಾ ಹೋಗ್ತವೆ.

ನ್ಯೂಜಿಲೆಂಡಿನ ಲಿಟಲ್ಟನ್‌ನಿಂದ ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟಾನ್ಲಿಗೆ ಸುಮಾರು 5,600 ನಾಟಿಕಲ್ ಮೈಲಿ. ಜನವರಿ 4ಕ್ಕೆ ಬಿಟ್ಟು ಫೆಬ್ರವರಿ 18ಕ್ಕೆ ಮುಟ್ಟಿದರು. ಸರಾಸರಿ ವೇಗ ಗಂಟೆಗೆ 10 ಕಿ.ಮೀ. ಕೂಡ ಇಲ್ಲ, ಅಂದ್ರೆ ಸೈಕಲ್‌ಗಿಂತ ನಿಧಾನ! ಆದ್ರೆ ಈ ಸೈಕಲ್ ರಾತ್ರಿನೂ ನಿಲ್ಲಲ್ಲ. ಒಬ್ಬರು ಮಲಗಿದ್ರೆ ಇನ್ನೊಬ್ಬರು ಎದ್ದಿರಬೇಕು. ಆಟೋಪೈಲಟ್ ಚುಕ್ಕಾಣಿ ಹಿಡಿಯುತ್ತೆ, ಹರಿದ ಹಾಯಿ ಹೊಲಿಯಲ್ಲ. ಒಬ್ಬರಿಗೆ ಜ್ವರ ಬಂತು ಅಂದ್ರೆ ಅರ್ಧ ಸಿಬ್ಬಂದಿ ರಜೆ ಹಾಕಿದಂಗೆ.

ಇದೇ ದಾರಿಯಲ್ಲಿ ಪಾಯಿಂಟ್ ನೀಮೋ ಸಿಗುತ್ತೆ. ಅಲ್ಲಿಂದ ಅತಿ ಹತ್ತಿರದ ನೆಲವೇ ಸುಮಾರು 2,688 ಕಿ.ಮೀ. ದೂರ. ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹಾದು ಹೋದಾಗ ಇರೋದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಂದ್ರೆ ಆ ಹೊತ್ತಿಗೆ ಪಕ್ಕದ ಮನೆಯವರು ಗಗನಯಾತ್ರಿಗಳೇ.

ಅಲ್ಲಿ ಏನಾದ್ರೂ ಆದ್ರೆ? ಅಭಿಲಾಷ್ ಟಾಮಿ 2012-13ರಲ್ಲಿ, ನಮ್ಮ ನದಿಯ ಹೆಸರಿಟ್ಟ 'ಮ್ಹಾದೇಯಿ' ದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ್ದವರು. ಅಂಥವರ ದೋಣಿಯೇ 2018ರ ಸೆಪ್ಟೆಂಬರ್ 21ರಂದು, ಗೋಲ್ಡನ್ ಗ್ಲೋಬ್ ರೇಸ್ ನಡುವೆ, ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿತು. ಮಾಸ್ಟ್ ಮುರೀತು, ಅವರ ಬೆನ್ನುಮೂಳೆಗೆ ಪೆಟ್ಟಾಯ್ತು. ಫ್ರೆಂಚ್ ಹಡಗು 'ಒಸಿರಿಸ್' ಅವರನ್ನ ತಲುಪಿದ್ದು ಮೂರನೇ ದಿನ. ಅಲ್ಲಿತನಕ ಮಲಗಿದಲ್ಲೇ ಕಾಯೋದು, ಅಷ್ಟೇ.

ಟಾಮಿ ಮತ್ತೆ ಅದೇ ರೇಸಿಗೆ ಹೋದರು, 2023ರಲ್ಲಿ ಎರಡನೇ ಸ್ಥಾನ ಗಳಿಸಿದರು. ಆಮೇಲೆ ದಿಲ್ನಾ, ರೂಪಾ ಇಬ್ಬರಿಗೂ ತರಬೇತಿ ಕೊಟ್ಟವರು ಅವರೇ.