ಕಣಿಕಿಯ ಬೆಂಡು, ಸೂಜಿಯ ಗಾಳ

ಯಲಬುರ್ಗಾ ಸೀಮೆಯನ್ನು ಮೀನಿನ ಸೀಮೆ ಎಂದು ಯಾರೂ ಕರೆಯುವುದಿಲ್ಲ. ಜೋಳ, ಕಡಲೆ, ಶೇಂಗಾ ಬೆಳೆಯುವ, ಮಳೆಯನ್ನೇ ನೆಚ್ಚಿದ ನೆಲ ಇದು. ತುಂಗಭದ್ರೆಯ ಹಿನ್ನೀರು ಇರುವುದು ದೂರ, ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಕಡೆಗೆ. ಆದರೂ ಮಳೆ ಚೆನ್ನಾಗಿ ಹಿಡಿದು ಕೆರೆ, ಹಳ್ಳಗಳಿಗೆ ನೀರು ಬಂದ ವರ್ಷ ರಜೆಯ ದಿನಗಳಲ್ಲಿ ದಂಡೆಯ ಮೇಲೆ ಹುಡುಗರು ಸಾಲಾಗಿ ಕುಳಿತಿರುತ್ತಾರೆ. ಕೈಯಲ್ಲೊಂದು ಕೋಲು, ಕೋಲಿಗೆ ದಾರ, ದಾರದ ತುದಿಗೆ ಗಾಳ. ‘ಓದೋದು ಬಿಟ್ಟು ಕೆರಿ ದಂಡಿಗೆ ಕುಂತಾನ’ ಎಂದು ಗೊಣಗುವ ಪಾಲಕರು ಒಮ್ಮೆ ಆ ಗಾಳವನ್ನು ಕೈಗೆತ್ತಿಕೊಂಡು ನೋಡಬೇಕು. ಪಠ್ಯಪುಸ್ತಕದ ಎರಡು ಮೂರು ಪಾಠಗಳು ಅದರಲ್ಲೇ ಇವೆ.

ಮೊದಲು ಕೋಲು. ಬಯಲುಸೀಮೆಯಲ್ಲಿ ಬಿದಿರು ಸುಲಭವಾಗಿ ಸಿಗುವುದಿಲ್ಲ. ಬುಟ್ಟಿ ಹೆಣೆಯುವ ಮೇದಾರರ ಬಳಿ ಒಂದು ತೆಳ್ಳನೆಯ ಗಳ ಸಿಕ್ಕರೆ ಪುಣ್ಯ. ಇಲ್ಲವಾದರೆ ಹಳ್ಳದ ದಂಡೆಯ ಲಕ್ಕಿಗಿಡದ ನೇರ ಟೊಂಗೆಯೇ ಸಾಕು. ಬಾಗುತ್ತದೆ, ಮುರಿಯುವುದಿಲ್ಲ. ಹತ್ತಿಕಟ್ಟಿಗೆ ಎಷ್ಟು ನೇರವಾಗಿದ್ದರೂ ಒಣಗಿದ ಮೇಲೆ ಪಟಕ್ಕನೆ ಮುರಿದುಹೋಗುತ್ತದೆ. ಮೀನು ಜಗ್ಗಿದಾಗ ಆ ಜಗ್ಗಾಟವನ್ನು ಕೋಲು ಬಾಗಿ ನುಂಗಿಕೊಳ್ಳಬೇಕು. ಕೋಲು ಬಾಗದಿದ್ದರೆ ದಾರ ಹರಿಯುತ್ತದೆ.

ಗಾಳವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಹೊಲಿಗೆ ಸೂಜಿಯಿಂದ ಮಾಡಿದ ಗಾಳಕ್ಕೆ ಅದರದೇ ಸೊಗಸು. ತಣ್ಣಗಿರುವ ಸೂಜಿಯನ್ನು ಬಗ್ಗಿಸಲು ಹೋದರೆ ತುಂಡಾಗಿ ಕಣ್ಣಿಗೆ ಸಿಡಿದೀತು. ಆದ್ದರಿಂದ ಈ ಕೆಲಸ ದೊಡ್ಡವರ ಎದುರಿಗೇ ಆಗಲಿ. ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಉಕ್ಕು ಮೆತ್ತಗಾಗುತ್ತದೆ, ಹೇಳಿದಂತೆ ಬಗ್ಗುತ್ತದೆ. ಬಗ್ಗಿಸಿದ ಮೇಲೆ ಮತ್ತೊಮ್ಮೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ. ಕಮ್ಮಾರರು ಕುಡುಗೋಲಿಗೂ ಕೊಡಲಿಗೂ ಮಾಡುವುದು ಇದನ್ನೇ. ಹೀಗೆ ಗಡುಸಾದದ್ದು ಪೆಡಸೂ ಆಗಿರುತ್ತದೆ. ಅದಕ್ಕೆ ಕೊನೆಯಲ್ಲಿ ಇನ್ನೊಮ್ಮೆ ಹದವಾಗಿ ಬಿಸಿ ತೋರಿಸಬೇಕು. ಎಷ್ಟು ಬಿಸಿ ಎಂಬುದನ್ನು ಎರಡು ಮೂರು ಸೂಜಿ ಹಾಳಾದ ಮೇಲೆ ಕೈಯೇ ಕಲಿಯುತ್ತದೆ. ಸೂಜಿಯ ಕಣ್ಣು ದಾರ ಕಟ್ಟಲು ಸಿದ್ಧವಾಗಿಯೇ ಇದೆ.

ಅಂಗಡಿಯ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳೊಂದು ಇರುತ್ತದೆ. ಸಿಕ್ಕ ಮೀನು ಜಾರಿ ಹೋಗದಿರಲೆಂದು ಅದು. ಸೂಜಿಯ ಗಾಳಕ್ಕೆ ಆ ಮುಳ್ಳಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗಂತೂ ಅದೇ ದೊಡ್ಡ ಗುಣವಾಗಿ ಕಾಣುತ್ತದೆ. ದಾರವನ್ನು ಸಡಿಲ ಬಿಡದೆ ಎಳೆದರೆ ಮೀನು ದಂಡೆಗೆ ಬಂದೇ ಬರುತ್ತದೆ. ಬಂದದ್ದು ಬೆರಳುದ್ದದ ಮರಿಯಾಗಿದ್ದರೆ ಬಾಯಿ ಹರಿಯದಂತೆ ಬಿಡಿಸಿ ನೀರಿಗೆ ಬಿಡಬಹುದು. ಗಾಳ ಹುಡುಗನ ಬೆರಳಿಗೇ ಚುಚ್ಚಿಕೊಂಡರೂ ಸುಲಭವಾಗಿ ಹೊರಬರುತ್ತದೆ. ಅಂಗಡಿಯ ಗಾಳವನ್ನೇ ತಂದಿದ್ದರೆ ಅದರ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟಸ ಮಾಡಿಬಿಡಿ.

ನೈಲಾನ್ ದಾರಕ್ಕೆ ಸಾಮಾನ್ಯ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲ ದಾರದ ಸುತ್ತ ಐದು ಸುತ್ತು ಸುತ್ತಿ, ಕಣ್ಣಿನ ಬಳಿ ಉಳಿದ ಸಣ್ಣ ಕುಣಿಕೆಯಲ್ಲಿ ತೂರಿಸಿ ಎಳೆಯಬೇಕು. ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡುವುದನ್ನು ಮರೆಯಬಾರದು. ಒಣ ದಾರ ಉಜ್ಜಿದಾಗ ಹುಟ್ಟುವ ಬಿಸಿಗೇ ನೈಲಾನ್ ಬಲ ಕಳೆದುಕೊಳ್ಳುತ್ತದೆ.

ಇನ್ನು ಬೆಂಡು. ಕಣಿಕಿಯ ಸಿಪ್ಪೆ ಸುಲಿದು ಒಳಗಿನ ಬೆಂಡಿಗೆ ಸಿಬಿರು ಚುಚ್ಚಿ ಎತ್ತಿನ ಬಂಡಿ ಮಾಡಿ ಆಡದ ಮಕ್ಕಳು ಈ ಕಡೆ ಒಂದು ಕಾಲಕ್ಕೆ ಇರಲಿಲ್ಲ. ಆ ಬೆಂಡಿನ ತುಂಬ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುವುದರಿಂದ ಅದು ತೇಲುತ್ತದೆ. ಆದರೆ ತಾಸು ಕಳೆಯುವಷ್ಟರಲ್ಲಿ ನೀರು ಕುಡಿದು ಭಾರವಾಗುತ್ತದೆ. ಕರಗಿದ ಮೇಣದಲ್ಲಿ ಒಮ್ಮೆ ಹೊರಳಿಸಿದರೆ ಆ ತೊಂದರೆ ಇಲ್ಲ. ಸವೆದ ಹವಾಯಿ ಚಪ್ಪಲಿಯ ತುಂಡೂ ಆಗುತ್ತದೆ. ಬೆಂಡಿನ ಕೆಳಗೆ ಭಾರ ಕಟ್ಟಬೇಕು. ಬೆಂಡು ಬಹುಪಾಲು ಮುಳುಗಿ ಒಂದು ಬೆರಳಿನಷ್ಟು ಮಾತ್ರ ಮೇಲೆ ಕಾಣುವಷ್ಟು ಭಾರ ಸರಿ. ಅಷ್ಟಾದರೆ ಮೀನು ಮೂಸಿದರೂ ಬೆಂಡು ತಲೆಯಾಡಿಸುತ್ತದೆ. ಭಾರ ಕಡಿಮೆಯಾದರೆ ಬೆಂಡನ್ನು ಎಳೆಯಲು ಬಲ ಬೇಕು, ಮೀನು ಅನುಮಾನಪಟ್ಟು ಬಿಟ್ಟುಬಿಡುತ್ತದೆ. ಆರ್ಕಿಮಿಡೀಸನ ತತ್ವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಕರಣ ಪ್ರಯೋಗಶಾಲೆಯಲ್ಲಿ ಸಿಗಲಿಕ್ಕಿಲ್ಲ.

ಭಾರಕ್ಕೆ ಸೀಸದ ಗುಂಡು ಬೇಡ. ಅದನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುವ ಚಾಳಿ ಎಲ್ಲ ಕಡೆಯ ಗಾಳಗಾರರಲ್ಲೂ ಇದೆ. ಸೀಸ ಮಕ್ಕಳ ಮಿದುಳಿಗೆ ವಿಷ. ನೀರಿನ ತಳದಲ್ಲಿ ಉಳಿದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿವೆ ಎಂದು ಬ್ರಿಟನ್ನಿನಲ್ಲಿ 1987ರಲ್ಲೇ ಅವುಗಳ ಮಾರಾಟಕ್ಕೆ ತಡೆ ಹಾಕಿದರು. ಸೈಕಲ್ ರಿಪೇರಿ ಅಂಗಡಿಯ ಹಳೆಯ ನಟ್ ಒಂದಿದ್ದರೆ ಕೆಲಸ ಆಯಿತು.

ಮೇವಿಗೆ ಎರೆಹುಳು ಎಲ್ಲರಿಗೂ ಗೊತ್ತು. ಶೇಂಗಾ ಹಿಂಡಿಯ ಪುಡಿಯೂ ಮೀನಿಗೆ ಇಷ್ಟ, ಮೀನು ಸಾಕುವವರು ಕೊಡುವುದೂ ಅದನ್ನೇ. ಜೋಳದ ಹಿಟ್ಟಿನಲ್ಲಿ ಜಿಗುಟಿಲ್ಲವಾದ್ದರಿಂದ ನೀರಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಒಂದು ಹಿಡಿ ಗೋಧಿ ಹಿಟ್ಟು, ಎರಡೆಳೆ ಅರಳೆ ಸೇರಿಸಿ ನಾದಿದರೆ ಉಂಡೆ ಗಾಳದ ಮೇಲೆ ನಿಲ್ಲುತ್ತದೆ. ಎಷ್ಟು ಆಳಕ್ಕೆ ಬಿಡಬೇಕು ಎನ್ನುವುದು ಮೀನಿನ ಮೇಲೆ ನಿಂತಿದೆ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ಅದಕ್ಕೇ ಅದರ ಬಾಯಿ ಮೇಲ್ಮುಖ. ರೋಹು ನಡುನೀರಿನದು, ಮೃಗಾಲ್ ತಳದ ಕೆಸರಿನದು. ಹೀಗಾಗಿ ಒಂದೇ ಕೆರೆಯಲ್ಲಿ ಮೂರೂ ಜಗಳವಿಲ್ಲದೆ ಬದುಕುತ್ತವೆ. ಬೆಂಡನ್ನು ದಾರದ ಮೇಲೆ ಕೆಳಗೆ ಜರುಗಿಸಿದರೆ ಬೇಕಾದ ಪದರಕ್ಕೆ ಗಾಳ ತಲುಪುತ್ತದೆ. ಕೆರೆಯ ಮೀನನ್ನು ಗುತ್ತಿಗೆ ಹಿಡಿದವರಿದ್ದರೆ ಮೊದಲು ಅವರನ್ನು ಕೇಳಬೇಕು.

ಗಾಳ ಒಂದು ಸಲಕ್ಕೆ ಒಂದೇ ಮೀನು ಹಿಡಿಯುತ್ತದೆ, ಅದನ್ನೂ ಬಿಡುವ ಅವಕಾಶ ಕೊಡುತ್ತದೆ. ಸೊಳ್ಳೆ ಪರದೆಯನ್ನೇ ಬಲೆ ಮಾಡಿ ಗೋರುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು, ಕರೆಂಟು ಬಿಡುವುದು ಇವಕ್ಕೆಲ್ಲ ಆ ವಿವೇಚನೆ ಇಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ನಮ್ಮ ದೇಶದಲ್ಲಿ 1897ರ ಕಾಯ್ದೆಯಿಂದಲೇ ಅಪರಾಧ. ಕರೆಂಟು ಬಿಟ್ಟವನು ತಾನೇ ಸತ್ತ ಸುದ್ದಿಗಳನ್ನೂ ಓದುತ್ತೇವೆ. ಮುಂಗಾರಿನ ಮೊದಲ ನೀರಿನಲ್ಲಂತೂ ಗಾಳಕ್ಕೂ ಬಿಡುವು ಕೊಡಬೇಕು, ಅದು ಮೀನು ಮೊಟ್ಟೆ ಇಡುವ ಕಾಲ. ಮರಲ್ ಮೀನು ತನ್ನ ಕೆಂಬಣ್ಣದ ಮರಿಗಳ ಹಿಂಡನ್ನು ಕಾಯುತ್ತ ಸುತ್ತುತ್ತಿರುತ್ತದೆ. ಆ ಒಂದನ್ನು ಹಿಡಿದರೆ ಹಿಂಡೆಲ್ಲ ಬೇರೆ ಮೀನುಗಳ ಬಾಯಿಗೆ.

ಬೇಟೆಯೂ ಈ ಜಿಲ್ಲೆಗೆ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಬಂಡೆಚಿತ್ರಗಳಲ್ಲಿ ಪ್ರಾಣಿಗಳೂ ಬೇಟೆಗಾರರೂ ಇದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ, ಕೌಜುಗಗಳನ್ನು ಹಿಡಿಯುವುದೂ ಅಪರಾಧವೇ. ಬೈಕಿನ ಕ್ಲಚ್ ತಂತಿಯ ಉರುಲು ಮೊಲಕ್ಕೆಂದು ಕಟ್ಟಿದರೂ ತೋಳ, ನಾಯಿ, ಕುರಿಮರಿ ಯಾವುದನ್ನೂ ಬಿಡುವುದಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಬೇಟೆಯ ಸಾಧನಗಳಲ್ಲಿ ಇಂದಿಗೂ ಮರ್ಯಾದೆಯಿಂದ ಉಳಿದಿರುವುದು ಕವಣೆ. ತೆನೆ ಕಟ್ಟಿದ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿದರೆ ಗುಬ್ಬಿಯ ಹಿಂಡು ಎದ್ದು ಹಾರುತ್ತದೆ. ಕಲ್ಲಿನ ಬದಲು ಮಣ್ಣಿನ ಹೆಂಟೆ ಇಟ್ಟರೆ ಆಚೆ ಹೊಲದವರ ತಲೆಯೂ ಉಳಿಯುತ್ತದೆ.

ಪಾಲಕರು ನಿಜವಾಗಿ ಹೆದರಬೇಕಾದ್ದು ಕೃಷಿ ಹೊಂಡಕ್ಕೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಬೆಣ್ಣೆಯಂತೆ ಜಾರುತ್ತದೆ. ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗದು. ಕೈ ಹಿಡಿಯಲು ಇಳಿದವನೂ ಒಳಗೇ. ಹೊಂಡದ ಬೇಲಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಎರಡನ್ನು ಮುಚ್ಚಳ ಬಿಗಿದು ಒಟ್ಟಿಗೆ ಕಟ್ಟಿ, ಉದ್ದನೆಯ ಹಗ್ಗದೊಂದಿಗೆ ತೂಗುಹಾಕಿ. ಮನುಷ್ಯನ ಬಹುಪಾಲು ಭಾರವನ್ನು ನೀರೇ ಹೊರುವುದರಿಂದ ತಲೆಯನ್ನು ಮೇಲೆ ಹಿಡಿಯಲು ಅಷ್ಟು ಸಾಕು. ಖಾಲಿ ಕ್ಯಾನ್ ಗಾಳಿಗೆ ತೇಲಿ ಹತ್ತಿರದಲ್ಲೇ ಬೀಳುತ್ತದೆ, ಒಳಗೊಂದು ಲೋಟ ನೀರು ಹಾಕಿದ್ದರೆ ದೂರಕ್ಕೆ ಹೋಗುತ್ತದೆ. ದಂಡೆಯಲ್ಲಿ ಗಟ್ಟಿ ಗೂಟ ನೆಟ್ಟು, ಗೇಣಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟರೆ ಹತ್ತಿ ಬರಲೂ ಹಿಡಿತ ಸಿಗುತ್ತದೆ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಹಗ್ಗ ಬೇಗ ಪುಡಿಯಾಗುತ್ತದೆ. ಬೇಸಿಗೆ ರಜೆಗೆ ಮುಂಚೆ ಪ್ರತಿ ವರ್ಷ ಜಗ್ಗಿ ನೋಡಿ ಬದಲಿಸಬೇಕು.